ಹಳದಿ ಗೆರೆ

ಮೊಳೆ ಹೊಡೆಯುವುದು ಯಾರಿಗಾದರೂ ಬರುತ್ತದೆ. ಎಲ್ಲಿ ಹೊಡೆಯಬಾರದು ಎನ್ನುವುದು ಬಹಳ ಜನಕ್ಕೆ ಬರುವುದಿಲ್ಲ. ಬಾಗಿಲನ್ನು ಚೌಕಟ್ಟಿಗೆ ಕೂರಿಸುವ ಕಡೆ ಸ್ಕ್ರೂ ಹಾಕದೆ ಮೊಳೆ ಬಡಿದುಕೊಂಡು, ಬಾಗಿಲು ಜೋತುಬಿದ್ದ ಮೇಲೆ ನಮ್ಮ ಶೆಡ್ಡಿಗೆ ಬಂದು "ಬಾಗಿಲೇ ಸರಿ ಇಲ್ಲಮ್ಮ" ಎನ್ನುತ್ತಾರೆ. ಬಾಗಿಲು ಸರಿಯಾಗಿಯೇ ಇರುತ್ತದೆ. ಮೊಳೆ ಮರದ ಬಿಗಿಯನ್ನು ನಂಬಿ ನಿಂತಿರುವಂಥದ್ದು, ಎಳೆದರೆ ಬಂತು. ಸ್ಕ್ರೂ ಮರದೊಳಗೆ ತನ್ನ ದಾರಿ ತಾನೇ ಕೊರೆದುಕೊಂಡು ಕೂರುತ್ತದೆ, ತಿರುಗಿಸಿದರೆ ಮಾತ್ರ ಬರುತ್ತದೆ. ಕೆಲವು ಬುದ್ಧಿವಂತರು ಆ ಸ್ಕ್ರೂವನ್ನೇ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಅಂಥವರ ಜೊತೆ ನಾನು ಮಾತು ಬೆಳೆಸುವುದಿಲ್ಲ.

ನಮ್ಮದು ಕಬ್ಬಿಣದ ಕೆಲಸದ ಶೆಡ್ಡು. ಮನೆಯ ಹೊರಗಿನಿಂದ ಮಹಡಿಗೆ ಹತ್ತುವ ಮೆಟ್ಟಿಲು ಮಾಡುವುದು ನಮ್ಮ ಮುಖ್ಯ ಕೆಲಸ. ಕತ್ತರಿಸುವುದು, ತೂತು ಕೊರೆಯುವುದು, ಬಣ್ಣ ಹೊಡೆಯುವುದು ಶೆಡ್ಡಿನಲ್ಲಿ. ಜೋಡಿಸುವುದು ಗಿರಾಕಿಯ ಮನೆಯಲ್ಲಿ. ಯಾವ ಕೆಲಸಕ್ಕೆ ಯಾವ ಸಾಮಾನು ಎಂದು ಆರಿಸಿ ಚೀಲ ಕಟ್ಟಿಕೊಡುವವಳು ನಾನು. ಗೋಡೆಯುದ್ದಕ್ಕೂ ನನ್ನ ಡಬ್ಬಗಳಿವೆ. ತಗಡಿಗೆ ತಗಡು ಸೇರಿಸಲು ರಿವೆಟ್ಟು, ಒಮ್ಮೆ ಹಾಕಿದರೆ ತಲೆ ಕೊರೆದೇ ತೆಗೆಯಬೇಕು. ಇಟ್ಟಿಗೆ ಗೋಡೆಗೆ ಕನ್ನಡಿ, ಹಲಗೆ ಹಾಕಲು ಪ್ಲಾಸ್ಟಿಕ್ ಗಿಟ್ಟಿ, ಅದರೊಳಗೆ ಸ್ಕ್ರೂ. ಕಾಂಕ್ರೀಟಿಗೆ ಆಂಕರ್ ಬೋಲ್ಟು, ಬಿಗಿ ಮಾಡಿದಷ್ಟೂ ತೂತಿನೊಳಗೆ ಹೊಟ್ಟೆ ಉಬ್ಬಿಸಿಕೊಂಡು ಕಚ್ಚಿ ಹಿಡಿಯುವಂಥದ್ದು. ಗೇಟಿನ ಚಕ್ರ ಕಳಚದಂತೆ ಸ್ಪ್ಲಿಟ್ ಪಿನ್ನು, ತೂತಿನಲ್ಲಿ ತೂರಿಸಿ ಎರಡು ಕಾಲು ಅಗಲಿಸಿಬಿಟ್ಟರೆ ಮುಗಿಯಿತು. ಮೆಟ್ಟಿಲಿಗೆ ನಟ್ಟು ಬೋಲ್ಟು. ಬೋಲ್ಟಿನ ತಲೆಯ ಬುಡಕ್ಕೆ ಭಾರ ಹಂಚಲು ಚಪ್ಪಟೆ ವಾಷರು. ನಟ್ಟಿನ ಬುಡಕ್ಕೆ ಸ್ಪ್ರಿಂಗ್ ವಾಷರು. ಅದು ಒಂದು ಕಡೆ ಕತ್ತರಿಸಿ ತುದಿ ಸೊಟ್ಟ ಮಾಡಿದ ಉಂಗುರ, ಮೆಟ್ಟಿಲು ಎಷ್ಟು ನಡುಗಿದರೂ ನಟ್ಟು ಹಿಂದಕ್ಕೆ ತಿರುಗದಂತೆ ಒತ್ತಿಕೊಂಡಿರುತ್ತದೆ.

ಜೋಡಿಸುವವರು ಇಬ್ಬರು. ಒಬ್ಬರು ನಮ್ಮವರು, ಇನ್ನೊಬ್ಬ ನನ್ನ ತಮ್ಮ. ನಮ್ಮ ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಇರುವುದು ಅವನ ಮನೆ ಒಂದೇ. ಸ್ಪ್ಯಾನರ್ ಹಿಡಿಯುವುದನ್ನು ಅವನಿಗೆ ಕಲಿಸಿದವರು ನಮ್ಮವರೇ.

ಇವರ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಟ್ಟು ಬಿಗಿ ಮಾಡುವವರು ನಮ್ಮವರು. ಬಿಗಿಯಾದ ಮೇಲೆ ಸ್ಪ್ಯಾನರಿನಿಂದ ಕಬ್ಬಿಣಕ್ಕೆ ಟಣ್ ಟಣ್ ಎಂದು ತಟ್ಟುತ್ತಾರೆ, ಗ್ರೈಂಡರಿನ ಗದ್ದಲದಲ್ಲಿ ಕೂಗಿದ್ದು ಕೇಳುವುದಿಲ್ಲ ಅಂತ. ಆಗ ತಮ್ಮ ಬಂದು ತನ್ನ ಸ್ಪ್ಯಾನರ್ ಹಾಕಿ ಒಮ್ಮೆ ಎಳೆದು ನೋಡುತ್ತಾನೆ. ಜಗ್ಗದಿದ್ದರೆ ಸಣ್ಣ ಕುಂಚದಲ್ಲಿ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಾನೆ. ಬೋಲ್ಟಿನ ತುದಿಯಿಂದ ನಟ್ಟಿನ ಮೇಲೆ ಹಾದು ಪಕ್ಕದ ಪಟ್ಟಿಯವರೆಗೆ ಒಂದೇ ಗೆರೆ. ಮುಂದೆ ಯಾವತ್ತು ನೋಡಿದರೂ ಗೆರೆ ನೇರವಾಗಿದ್ದರೆ ನಟ್ಟು ಅಲುಗಿಲ್ಲ, ಮುರಿದಿದ್ದರೆ ತಿರುಗಿದೆ ಎಂದು ಅರ್ಥ. ಬಿಗಿ ಮಾಡಿದವನು ಗೆರೆ ಎಳೆಯಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು, ತನ್ನ ನಟ್ಟು ತನಗೆ ಯಾವಾಗಲೂ ಬಿಗಿಯೇ.

ಜಗಳ ಹುಟ್ಟಿದ್ದು ಅಲ್ಲಿಯೇ. ಒಂದು ಮನೆಯಲ್ಲಿ ತಮ್ಮ ಎಳೆದು ನೋಡಿದ ನಟ್ಟು ಮತ್ತೂ ಅರ್ಧ ಸುತ್ತು ತಿರುಗಿತಂತೆ. ಮನೆಯವರು, ಪಕ್ಕದ ಮನೆಯವರು, ಎಲ್ಲ ನೋಡುತ್ತ ನಿಂತಿದ್ದಾರೆ. ಅವನು ಮೇಲಿನಿಂದಲೇ "ಭಾವಾ, ನಿಮ್ಮ ಕೈ ಸೋತಿದೆ, ಇನ್ಮೇಲೆ ನೀವು ಕುಂಚ ಹಿಡೀರಿ" ಎಂದ. ತಮಾಷೆಗೆ ಅಂದನೋ, ನಿಜಕ್ಕೆ ಅಂದನೋ, ಕೆಳಗಿದ್ದವರು ನಕ್ಕರು. ನಮ್ಮವರು ನಗಲಿಲ್ಲ. ಶೆಡ್ಡಿಗೆ ಬಂದ ಮೇಲೆ ಹೇಳಿದರು: "ಇನ್ನು ನನ್ನ ನಟ್ಟಿಗೆ ನಿನ್ನ ಸ್ಪ್ಯಾನರ್ ತಗುಲಿದರೆ ನೀನು ಬೇರೆ ಶೆಡ್ಡು ನೋಡ್ಕೋ." ಇವನು "ಆಗಲಿ, ಮುಟ್ಟಲ್ಲ" ಎಂದ. ಇಬ್ಬರೂ ಆಡಿದ ಕೊನೆಯ ಮಾತು ಅದು.

ಆಮೇಲೆ ಎಳೆದು ನೋಡುವುದು ನಿಂತಿತು. ಇವರು ತಟ್ಟುತ್ತಿದ್ದರು, ಅವನು ಗೆರೆ ಎಳೆಯುತ್ತಿದ್ದ. ಹೊಟ್ಟೆಪಾಡಿಗೆ ಒಟ್ಟಿಗೆ ಹೋಗುತ್ತಿದ್ದರು, ಒಟ್ಟಿಗೆ ಬರುತ್ತಿದ್ದರು, ನಡುವೆ ತುಟಿ ಬಿಚ್ಚುತ್ತಿರಲಿಲ್ಲ. ಶೆಡ್ಡಿನಲ್ಲಿ ಮಾತೆಲ್ಲ ನನ್ನ ಮೇಲೆ ಹಾದುಹೋಗುತ್ತಿತ್ತು.

"ನಿನ್ನ ತಮ್ಮನಿಗೆ ಹೇಳು, ಡ್ರಿಲ್ಲಿನ ವೈರು ತುಳೀತಾ ನಿಂತಿದ್ದಾನೆ ಅಂತ."

"ಅಕ್ಕಾ, ಭಾವನಿಗೆ ಹೇಳು, ವೈರನ್ನ ದಾರಿಯಲ್ಲಿ ಹಾಸಿದವರು ನಾನಲ್ಲ ಅಂತ."

ಇಬ್ಬರ ನಡುವೆ ಒಂದು ಮೇಜು ಅಷ್ಟೇ ಇರುತ್ತಿತ್ತು. "ನನಗೇನು ಬೇರೆ ಕೆಲಸ ಇಲ್ಲವಾ? ನಿಮ್ಮಿಬ್ಬರ ಬಾಯಿಗೂ ಒಂದೊಂದು ರಿವೆಟ್ ಹೊಡೆದುಬಿಡ್ತೀನಿ, ಸುಲಭ ಆಗತ್ತೆ" ಎಂದೆ. ಇಬ್ಬರೂ ಮುಖ ತಿರುಗಿಸಿಕೊಂಡರು. ತನ್ನಷ್ಟಕ್ಕೆ ಸರಿಹೋಗುತ್ತದೆ ಎಂದು ನಾನೂ ಸುಮ್ಮನಿದ್ದೆ. ಯಾರ ಪರ ಆಡಿದರೂ ಕಷ್ಟ. ತಮ್ಮನದು ಸರಿ ಎಂದರೆ ಮನೆಯಲ್ಲಿ ತಟ್ಟೆ ಸದ್ದು ಮಾಡುತ್ತದೆ. ಗಂಡನದು ಸರಿ ಎಂದರೆ ತವರಿನ ಬಾಗಿಲು ಮುಚ್ಚುತ್ತದೆ.

ಆ ದಿನ ಮಧ್ಯಾಹ್ನ ಕೆಲಸ ಮುಗಿದು ಬಂದ ಚೀಲಗಳನ್ನು ಬಿಚ್ಚಿ ಡಬ್ಬಗಳಿಗೆ ತುಂಬುತ್ತಿದ್ದೆ. ಹಿಂದಿನ ವಾರ ನರ್ಸಮ್ಮನ ಮನೆಗೆ ಹಾಕಿದ ಮೆಟ್ಟಿಲಿನ ಚೀಲ ಬಂತು. ನರ್ಸಮ್ಮ ಎಂದರೆ ಆಸ್ಪತ್ರೆಯಿಂದ ನಿವೃತ್ತಿಯಾಗಿ, ಮಹಡಿಯನ್ನು ಬಾಡಿಗೆಗೆ ಕೊಡಬೇಕೆಂದು ಹೊರಗಿನಿಂದ ಮೆಟ್ಟಿಲು ಹಾಕಿಸಿಕೊಂಡವರು. ಚೀಲದಲ್ಲಿ ಒಂದೆರಡು ಬೋಲ್ಟು ಉಳಿಯುವುದು ಇದ್ದದ್ದೇ, ನಾನೇ ಒಂದಿಷ್ಟು ಹೆಚ್ಚಿಗೆ ಹಾಕಿರುತ್ತೇನೆ. ಆದರೆ ಕೈ ಹಾಕಿದರೆ ಹಿಡಿತುಂಬ ಬರೀ ಸ್ಪ್ರಿಂಗ್ ವಾಷರು. ಬೋಲ್ಟು ಇಲ್ಲ, ನಟ್ಟಿಲ್ಲ, ಅದೊಂದೇ.

ಮೆಟ್ಟಿಲು ಎತ್ತಿ ನಿಲ್ಲಿಸುವಾಗ ನಟ್ಟುಗಳನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ ಬಿಡುತ್ತಾರೆ, ಮಟ್ಟ ನೋಡಿ ಅತ್ತಿತ್ತ ಸರಿಸಲು. ಮಟ್ಟ ಸರಿಯಾದ ಮೇಲೆ ಒಂದೊಂದೇ ನಟ್ಟು ಬಿಚ್ಚಿ ಸ್ಪ್ರಿಂಗ್ ವಾಷರು ಹಾಕಿ ಸ್ಪ್ಯಾನರಿನಲ್ಲಿ ಬಿಗಿ ಮಾಡುವುದು. ವಾಷರು ವಾಪಸು ಬಂದಿದೆ ಎಂದರೆ ಎಲ್ಲೋ ನಟ್ಟುಗಳು ಬರಿಗೈ ಬಿಗಿಯಲ್ಲೇ ಉಳಿದಿವೆ.

ಮೇಜಿನ ಮೇಲೆ ಸುರಿದೆ. ಅವರಿಬ್ಬರೂ ಊಟದ ಡಬ್ಬಿ ಹಿಡಿದು ಶೆಡ್ಡಿನ ಎರಡು ಮೂಲೆಯಲ್ಲಿ ಕೂತಿದ್ದರು.

"ಇದು ಎಲ್ಲಿಯದು?"

ನಮ್ಮವರು ದೂರದಿಂದಲೇ ನೋಡಿದರು. "ಹೆಚ್ಚು ಹಾಕಿರ್ತೀಯ."

"ನಾನು ಹಾಕುವುದು ನನಗೆ ಗೊತ್ತು. ನರ್ಸಮ್ಮನ ಮನೆಯ ಚೀಲ ಇದು. ಯಾವ ನಟ್ಟಿಗೆ ಹಾಕಿಲ್ಲ?"

ಅವರು ಡಬ್ಬಿ ಕೆಳಗಿಟ್ಟು ಬಂದರು. ಬೆರಳಲ್ಲಿ ವಾಷರುಗಳನ್ನು ಸರಿಸಿ ನೋಡಿದರು. "ಮೇಲಿನ ಚೌಕದ್ದಿರಬೇಕು" ಎಂದರು. ಮೆಟ್ಟಿಲು ಮುಗಿದು ಬಾಗಿಲಿಗೆ ಹೋಗುವ ಮೊದಲು ನಿಲ್ಲಲು ಒಂದು ಜಾಗ ಇರುತ್ತದಲ್ಲ, ಅದನ್ನು ನಾವು ಚೌಕ ಎನ್ನುತ್ತೇವೆ. ಇಡೀ ಮೆಟ್ಟಿಲಿನ ಮೇಲ್ತುದಿ ನೇತಾಡುವುದು ಆ ಚೌಕಕ್ಕೆ ಕಚ್ಚಿಸಿದ ಬೋಲ್ಟುಗಳ ಮೇಲೆ. "ಅದನ್ನ ಬಿಗಿ ಮಾಡಿದ್ದು ನಿನ್ನ ತಮ್ಮ. ವಾಷರ್ ಹಾಕಿಲ್ಲ ಅಂದರೆ ಅವನನ್ನ ಕೇಳು."

ತಮ್ಮ ಮೂಲೆಯಿಂದ ಎದ್ದ. "ಅಕ್ಕಾ, ನಾನೇಕೆ ಬಿಗಿ ಮಾಡಲಿ? ಭಾವ ಚೌಕದ ಅಡಿಯಿಂದ ತಟ್ಟಿದ್ರು. ಆಯ್ತು ಅಂತ ನಾನು ಇಳಿದು ಹೋಗಿ ಗೆರೆ ಎಳೆದೆ."

"ಬಾಯಿಬಿಟ್ಟು ಕರೆಯೋ ಹಾಗಿಲ್ಲವಲ್ಲ, ಮಟ್ಟ ನೋಡಲಿ ಅಂತ ತಟ್ಟಿದ್ದು ಅಂತ ಹೇಳು ಅವನಿಗೆ. ನಟ್ಟು ಬರಿಗೈಯಲ್ಲಿ ಹಾಕಿ, ತಟ್ಟಿ, ನಾನು ಕೆಳಗಡೆ ನೆಲದ ಬೋಲ್ಟು ನೋಡೋಕೆ ಹೋದೆ. ತಿರುಗಿ ಬಂದು ನೋಡಿದರೆ ಎಲ್ಲದಕ್ಕೂ ಗೆರೆ. ಗೆರೆ ಇದ್ದ ಮೇಲೆ ಬಿಗಿ ಇರಬೇಕಲ್ಲ."

"ಅವರು ಬಿಗಿ ಮಾಡದೆ ಹೋಗಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಎಳೆದು ನೋಡಬೇಡ ಅಂದವರು ಅವರೇ."

"ನನ್ನ ಕೈ ಸೋತಿದೆ ಅಂತ ತೋರಿಸೋಕೆ ನನ್ನ ಕೆಲಸ ತಾನೇ ಮಾಡಿಕೊಂಡಿದ್ದಾನೆ ಅಂದ್ಕೊಂಡೆ ನಾನು. ಹಾಗಿದ್ದ ಮೇಲೆ ನಾನ್ಯಾಕೆ ಮುಟ್ಟಲಿ?"

ಇಷ್ಟೂ ಮಾತನ್ನು ಇಬ್ಬರೂ ನನ್ನ ಮುಖ ನೋಡಿಕೊಂಡೇ ಆಡಿದರು. ನನಗೆ ನಿಧಾನವಾಗಿ ಅರ್ಥವಾಯಿತು. ಒಬ್ಬರು ತಟ್ಟಿದ್ದನ್ನು ಇನ್ನೊಬ್ಬ ನಂಬಿದ. ಇವನು ಎಳೆದ ಗೆರೆಯನ್ನು ಅವರು ನಂಬಿದರು. ಮಾತು ಬಿಟ್ಟವರು ಗುರುತನ್ನು ಮಾತ್ರ ಬಿಟ್ಟಿರಲಿಲ್ಲ. ನಟ್ಟನ್ನು ಯಾರೂ ಬಿಗಿ ಮಾಡಿರಲಿಲ್ಲ.

"ಎದ್ದು ಹೋಗಿ. ಈಗಲೇ" ಎಂದೆ.

"ಅವನು ಹೋಗಲಿ. ನಾನು ಹೋದರೆ ನನ್ನ ತಪ್ಪು ಅಂತ ಒಪ್ಪಿಕೊಂಡಂಗೆ."

"ನಾನು ಹೋದರೆ ನನ್ನ ತಪ್ಪು ಅಂತ ಆಗಲ್ವಾ ಅಕ್ಕಾ?"

ನಾನು ಕೈಯಲ್ಲಿದ್ದ ಡಬ್ಬದ ಮುಚ್ಚಳವನ್ನು ನೆಲಕ್ಕೆ ಎಸೆದೆ. ಅದು ಉರುಳಿಕೊಂಡು ಹೋಗಿ ಬಾಗಿಲ ಹತ್ತಿರ ಬಿತ್ತು. "ಸುಡು ನಿಮ್ಮ ಮಾನ. ಅಲ್ಲಿ ಜನ ಹತ್ತಿ ಇಳೀತಿದ್ದಾರೆ" ಎಂದು ವಾಷರುಗಳನ್ನೂ ಒಂದು ಸ್ಪ್ಯಾನರನ್ನೂ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ತೆಗೆದೆ.

ನರ್ಸಮ್ಮನ ಮನೆ ಮುಂದೆ ಸಾಮಾನಿನ ಗಾಡಿ ನಿಂತಿತ್ತು. ಮಹಡಿಗೆ ಬಾಡಿಗೆಯವರು ಬರುತ್ತಿದ್ದರು. ಹಾಸಿಗೆ, ಕುರ್ಚಿ, ಪಾತ್ರೆಯ ಪೆಟ್ಟಿಗೆ ಆಗಲೇ ಮೇಲೆ ಹೋಗಿದ್ದವು. ಮೂವರು ಹಮಾಲರು ಒಂದು ಕಬ್ಬಿಣದ ಬೀರುವನ್ನು ಹಗ್ಗ ಕಟ್ಟಿ ಎತ್ತಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದರು.

"ಇಳಿಸ್ರಿ ಕೆಳಗೆ" ಎಂದೆ, ಸ್ಕೂಟರ್ ನಿಲ್ಲಿಸುವ ಮೊದಲೇ.

ಮುಂದಿದ್ದ ದಪ್ಪ ಮೀಸೆಯವನು ತಿರುಗಿಯೂ ನೋಡಲಿಲ್ಲ. "ಸರೀಮ್ಮ ದಾರಿಯಿಂದ. ಭಾರ ಇದೆ."

"ಭಾರ ಇದೆ ಅಂತಲೇ ಹೇಳ್ತಿರೋದು. ಆ ಮೆಟ್ಟಿಲು ಹಾಕಿದವರು ನಾವು. ಇಳಿಸು."

"ಹಾಕಿದವರೇ ಹತ್ತಬೇಡಿ ಅಂದರೆ ಹಾಕಿದ್ದು ಯಾತಕ್ಕೆ, ನೋಡೋಕಾ?" ಎಂದ. ಆದರೂ ಇಳಿಸಿದ. ಹಿಂದಿದ್ದವರು ಉಸ್ಸೆಂದರು.

ನರ್ಸಮ್ಮ ಹೊರಗೆ ಬಂದರು. ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. "ಏನಮ್ಮ, ಏನಾಯಿತು?"

ನಾನು ಗೋಡೆಗೆ ಒರಗಿಸಿದ್ದ ಏಣಿ ಎಳೆದುಕೊಂಡು ಚೌಕದ ಅಡಿಗೆ ಹಾಕಿ ಹತ್ತಿದೆ. ಕತ್ತೆತ್ತಿ ನೋಡಿದರೆ ಸಾಲಾಗಿ ನಟ್ಟುಗಳು. ಪ್ರತಿಯೊಂದರ ಮೇಲೂ ಹಳದಿ ಗೆರೆ, ನೇರ, ಚೊಕ್ಕ. ನನ್ನ ತಮ್ಮನ ಗೆರೆ ಯಾವತ್ತೂ ಹಾಗೆಯೇ, ಒಂದು ಕೂದಲೆಳೆ ಅತ್ತಿತ್ತ ಇರುವುದಿಲ್ಲ. ಒಂದು ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ. ಮೊದಲು ಒಣಗಿದ ಬಣ್ಣ ಕೊಂಚ ತಡೆಯಿತು. ಆಮೇಲೆ ಟಪ್ ಎಂದು ಗೆರೆ ಒಡೆದು, ಎಣ್ಣೆ ಶೀಶೆಯ ಮುಚ್ಚಳದಂತೆ ನಟ್ಟು ತಿರುಗಿತು. ಇನ್ನೊಂದು, ಅದೂ ತಿರುಗಿತು. ಸಾಲಿನ ಕೊನೆಯಲ್ಲಿ ಒಂದು ಬೋಲ್ಟಿಗೆ ನಟ್ಟೇ ಇರಲಿಲ್ಲ. ಕೆಳಗೆ ನೋಡಿದೆ. ಹೂವಿನ ಕುಂಡದ ಮಣ್ಣಿನಲ್ಲಿ ಬಿದ್ದಿತ್ತು, ಮೈಮೇಲೆ ಅರ್ಧ ಹಳದಿ ಗೆರೆ ಹೊತ್ತುಕೊಂಡು.

ಮೀಸೆಯವನು ಬಗ್ಗಿ ಅದನ್ನು ಎತ್ತಿಕೊಂಡ. ನಟ್ಟು ನೋಡಿದ, ಬೀರು ನೋಡಿದ, ಮೆಟ್ಟಿಲು ನೋಡಿದ. ಆಮೇಲೆ ನನ್ನ ಹತ್ತಿರ ಮಾತು ಮೆದುವಾಯಿತು. "ಅಕ್ಕಾ, ನಾವು ಆಗಲೇ ಎಷ್ಟು ಸಲ ಹತ್ತಿ ಇಳಿದಿದ್ದೀವಿ" ಎಂದ.

ಏಣಿಯ ಮೇಲೆ ನಿಂತವಳಿಗೆ ಒಂದು ಯೋಚನೆ ಬಂತು. ವಾಷರು ನನ್ನ ಹತ್ತಿರ ಇದೆ, ಸ್ಪ್ಯಾನರೂ ಇದೆ. ಮೇಲೆ ಬೋಲ್ಟಿನ ತಲೆ ಹಿಡಿಯಲು ಈ ಮೀಸೆಯವನೇ ಸಾಕು. ಒಂದು ಗಂಟೆಯ ಕೆಲಸ. ಬಿಗಿ ಮಾಡಿ, ಗೆರೆಗೆ ಬಣ್ಣ ತಂದು ಬಳಿದು, ಶೆಡ್ಡಿಗೆ ಹೋಗಿ ಆಯಿತು ಎಂದರೆ ಇಬ್ಬರ ಮಾನವೂ ಉಳಿಯುತ್ತದೆ. ಮನೆಯೂ ತಣ್ಣಗಿರುತ್ತದೆ, ತವರೂ ಉಳಿಯುತ್ತದೆ. ಒಂದು ನಟ್ಟಿಗೆ ಸ್ಪ್ಯಾನರನ್ನು ಇಟ್ಟೂ ಬಿಟ್ಟೆ.

ಇಟ್ಟವಳು ಹಾಗೇ ನಿಂತೆ. ಇದನ್ನು ನಾನು ಬಿಗಿ ಮಾಡುತ್ತೇನೆ, ಸರಿ. ಮುಂದಿನ ಮನೆಯದು? ಅದರ ಮುಂದಿನದು? ಇವರು ಹೀಗೆಯೇ ತಟ್ಟುತ್ತಾರೆ, ಅವನು ಹೀಗೆಯೇ ಗೆರೆ ಎಳೆಯುತ್ತಾನೆ, ನಾನು ಪ್ರತಿ ಮೆಟ್ಟಿಲಿನ ಹಿಂದೆ ಸ್ಪ್ಯಾನರ್ ಹಿಡಿದು ಕಳ್ಳಿಯಂತೆ ಓಡಾಡಬೇಕು. ಅದೂ ಅಲ್ಲದೆ, ಸುಳ್ಳು ಹೇಳುವುದನ್ನು ಕಲಿತ ಗೆರೆಯನ್ನು ಮತ್ತೆ ಯಾರು ನಂಬುತ್ತಾರೆ? ಇಷ್ಟು ದಿನ ನಾನು ಮಾಡಿದ್ದೂ ಅದನ್ನೇ. ಅವರ ಮಾತು ಇವನಿಗೆ, ಇವನ ಮಾತು ಅವರಿಗೆ ದಾಟಿಸಿ ದಾಟಿಸಿ, ಎಲ್ಲ ಸರಿಯಾಗಿದೆ ಎಂದು ಕಾಣುವ ಹಾಗೆ ಇಟ್ಟಿದ್ದೆ.

ಸ್ಪ್ಯಾನರ್ ಚೀಲಕ್ಕೆ ಹಾಕಿ ಇಳಿದೆ.

"ನಟ್ಟು ಬಿಗಿ ಮಾಡಿಲ್ಲ" ಎಂದು ನರ್ಸಮ್ಮನಿಗೆ ಹೇಳಿದೆ. "ಬಿಗಿಯಾಗಿದೆ ಅಂತ ಗುರುತು ಹಾಕಿದ್ದಾರೆ, ಆದರೆ ಆಗಿಲ್ಲ. ಸರಿಯಾಗುವವರೆಗೂ ಯಾರೂ ಹತ್ತಬೇಡಿ."

"ಯಾರ ತಪ್ಪು?"

"ಇಬ್ಬರದು. ನನ್ನ ಗಂಡ, ನನ್ನ ತಮ್ಮ. ಮಾತು ಬಿಟ್ಟಿದ್ದಾರೆ. ಒಬ್ಬರು ಮಾಡಿದ್ದಾರೆ ಅಂತ ಇನ್ನೊಬ್ಬರು ತಿಳಿದುಕೊಂಡರು."

ನರ್ಸಮ್ಮ ಕೋಪ ಮಾಡಿಕೊಳ್ಳಲಿಲ್ಲ. "ಕರೆಸು ಇಬ್ಬರನ್ನೂ" ಎಂದರು.

ಇಬ್ಬರಿಗೂ ಫೋನ್ ಮಾಡಿದೆ. ಇಬ್ಬರಿಗೂ ಒಂದೇ ಮಾತು: "ಒಂದು ನಟ್ಟು ಆಗಲೇ ಕೆಳಗೆ ಬಿದ್ದಿದೆ. ಇಬ್ಬರೂ ಬನ್ನಿ. ಒಬ್ಬರೇ ಬರುವುದಾದರೆ ಯಾರೂ ಬರಬೇಡಿ, ಆ ಶೆಡ್ಡಿಗೆ ಇನ್ನು ನಾನೂ ಬರಲ್ಲ."

ಬಂದರು. ಬೇರೆ ಬೇರೆ ಗಾಡಿಯಲ್ಲಿ ಬಂದರು. ಮೀಸೆಯವನು ಬಿದ್ದ ನಟ್ಟನ್ನು ಅಂಗೈಯಲ್ಲಿಟ್ಟು ಮೊದಲು ನಮ್ಮವರಿಗೆ ತೋರಿಸಿದ, ಆಮೇಲೆ ತಮ್ಮನಿಗೆ. ನಮ್ಮವರು ಏಣಿ ಹತ್ತಿ ನಾನು ಒಡೆದ ಗೆರೆಗಳನ್ನು ನೋಡಿ ಇಳಿದರು. ಮುಖ ಬಿಳುಚಿಕೊಂಡಿತ್ತು. ತಮ್ಮ ಹತ್ತಿದ, ನೋಡಿದ, ಇಳಿದ.

"ನಿನ್ನ ತಮ್ಮನಿಗೆ ಹೇಳು, ಮೇಲೆ ಹೋಗಿ ಬೋಲ್ಟು ಹಿಡೀಲಿ" ಎಂದರು ನಮ್ಮವರು.

ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ ಅಂದರು: "ಅವಳು ಯಾಕೆ ಹೇಳಬೇಕು? ಅವನಿಗೆ ಕಿವಿ ಇಲ್ಲವಾ, ನಿಮಗೆ ಬಾಯಿ ಇಲ್ಲವಾ?"

ನಮ್ಮವರು ಏಣಿಗೆ ಕೈ ಹಾಕಿದರು. ನರ್ಸಮ್ಮ ಬಿಡಲಿಲ್ಲ.

"ನೋಡಪ್ಪ, ಆಸ್ಪತ್ರೆಯಲ್ಲಿ ಕೆಲವು ಇಂಜೆಕ್ಷನ್ ಇರ್ತವೆ, ತಪ್ಪಿದರೆ ಜೀವಕ್ಕೇ ಬರತ್ತೆ. ಅದನ್ನ ಒಬ್ಬರೇ ಕೊಡೋ ಹಾಗಿಲ್ಲ. ಒಬ್ಬಳು ಶೀಶೆ ಹಿಡಿದು ಔಷಧಿಯ ಹೆಸರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬಳು ತಾನೂ ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ನನ್ನ ಜೊತೆಗಿದ್ದವಳಿಗೂ ನನಗೂ ಏಳು ಜನ್ಮದ ದ್ವೇಷ. ಅವಳ ಮುಖ ಕಂಡರೆ ನನಗೆ ಉರೀತಿತ್ತು. ಆದರೂ ಅವಳು ಹೇಳ್ತಿದ್ದಳು, ನಾನು ತಿರುಗಿ ಹೇಳ್ತಿದ್ದೆ. ಸ್ನೇಹ ಮಾಡಿ ಅಂತ ನಾನು ಹೇಳ್ತಿಲ್ಲ. ಅದು ನಿಮ್ಮ ಮನೆ ವಿಷಯ. ಇದು ನನ್ನ ಮನೆ ಮೆಟ್ಟಿಲು. ಬಿಗಿ ಮಾಡಿದವರು ಬಿಗಿ ಅಂತ ಬಾಯಲ್ಲಿ ಹೇಳಿ. ನೋಡುವವನು ಎಳೆದು ನೋಡಿ, ಅವನೂ ಬಾಯಲ್ಲಿ ಹೇಳಲಿ. ನಾನು ಇಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಕೇಳಿಸದಿದ್ದರೆ ಆ ನಟ್ಟು ಆಗಿಲ್ಲ ಅಂತಲೇ ಲೆಕ್ಕ."

"ಎಳೆದು ನೋಡುವುದು ಬೇಡ ಅಂತ ಭಾವ…" ತಮ್ಮ ನನ್ನ ಕಡೆ ತಿರುಗಿದ.

"ನನ್ನ ಮುಖ ನೋಡಬೇಡ" ಎಂದೆ.

ಅವನು ತಿರುಗಿದ. ನಮ್ಮವರ ಕಡೆಗೆ ನೋಡಿದ, ಪೂರ್ತಿ ಮುಖಕ್ಕಲ್ಲ, ಅಂಗಿಯ ಗುಂಡಿಯವರೆಗೆ. "ಎಳೆದು ನೋಡಲಾ?"

ನಮ್ಮವರು ಸ್ಪ್ಯಾನರಿನ ಹಿಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿದರು. ಇನ್ನೂ ಒರೆಸಿದರು. ಇಲ್ಲ ಅಂದರೆ ಮುಗಿಯಿತು, ಈ ಮೆಟ್ಟಿಲೂ, ನಮ್ಮ ಶೆಡ್ಡೂ, ನನ್ನ ತವರೂ.

"ನೋಡು" ಎಂದರು.

ತಮ್ಮ ಹಗುರಾಗಿ ಹೆಜ್ಜೆ ಇಡುತ್ತ ಮೇಲೆ ಹೋಗಿ ಚೌಕದ ಮೇಲೆ ಮೊಣಕಾಲೂರಿ ಬೋಲ್ಟಿನ ತಲೆ ಹಿಡಿದ. ನಮ್ಮವರು ಏಣಿಯ ಮೇಲೆ, ಚೌಕದ ಅಡಿಯಲ್ಲಿ. ನಡುವೆ ಕಬ್ಬಿಣದ ಪಟ್ಟಿ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೊದಲ ನಟ್ಟು ಬಿಚ್ಚಿ ವಾಷರು ಹಾಕಿ ಎಳೆದರು.

"ಬಿಗಿ" ಎಂದರು. ಗಂಟಲಲ್ಲೇ ಉಳಿಯಿತು.

"ಕೇಳಿಸಲಿಲ್ಲ" ಎಂದರು ನರ್ಸಮ್ಮ.

"ಬಿಗಿ."

ತಮ್ಮ ಇಳಿದು ಬಂದ. ನಮ್ಮವರು ಏಣಿ ಬಿಟ್ಟು ಇಳಿದರು, ಅವನು ಹತ್ತಿದ. ಸ್ಪ್ಯಾನರ್ ಹಾಕಿ ಎಳೆದ. "ಬಿಗಿ" ಎಂದು ಗೆರೆ ಎಳೆದ. ಹೀಗೆ ಹತ್ತುವುದು, ಇಳಿಯುವುದು. ಏಣಿಯ ಬುಡದಲ್ಲಿ ಭುಜ ತಾಗಿದರೂ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು. ಹಮಾಲರು ಬೀರುವಿಗೆ ಒರಗಿ ಕೂತು, ಆಟ ನೋಡುವವರಂತೆ ನೋಡುತ್ತಿದ್ದರು. "ಈ ವೇಗದಲ್ಲಿ ಬೀರುವಿಗೆ ತುಕ್ಕು ಹಿಡಿಯತ್ತೆ" ಎಂದ ಮೀಸೆಯವನು. ನರ್ಸಮ್ಮ ಕಣ್ಣು ಬಿಟ್ಟರು, ಅವನು ಹಗ್ಗ ಸುತ್ತತೊಡಗಿದ.

ಸಾಲಿನ ನಡುವಿನ ಒಂದು ನಟ್ಟಿಗೆ ನಮ್ಮವರು ಎರಡು ಸಲ ಎಳೆದು "ಬಿಗಿ" ಎಂದರು. ತಮ್ಮ ಹತ್ತಿದ, ಸ್ಪ್ಯಾನರ್ ಹಾಕಿದ. ಅವನ ಬೆನ್ನು ನನಗೆ ಕಾಣುತ್ತಿತ್ತು. ಎಳೆದ ಕೈ ಅಲ್ಲೇ ನಿಂತಿತು. ಕುಂಚವನ್ನು ಎತ್ತಲಿಲ್ಲ.

"ಏನಪ್ಪ, ಸದ್ದೇ ಇಲ್ಲ?" ಎಂದರು ನರ್ಸಮ್ಮ.

ಎಲ್ಲರೂ ಇದ್ದರು. ಅವತ್ತಿನಂತೆಯೇ, ನೋಡುವವರೆಲ್ಲ ಸುತ್ತ ನಿಂತಿದ್ದರು. ತಮ್ಮ ಗಟ್ಟಿಯಾಗಿ ಏನೂ ಹೇಳಲಿಲ್ಲ. ಏಣಿಯಿಂದ ಎರಡು ಹೆಜ್ಜೆ ಇಳಿದು, ನಮ್ಮವರ ಕಿವಿಯ ಮಟ್ಟಕ್ಕೆ ಬಗ್ಗಿ, ಮೆಲ್ಲಗೆ ಅಂದ: "ಇನ್ನೂ ಕಾಲು ಸುತ್ತು ತಗೊಳ್ಳತ್ತೆ, ಭಾವ."

ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ನಮ್ಮವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಮೊಣಕೈಯ ಮೇಲೆ. ಅವತ್ತು ಆ ಮನೆಯಲ್ಲಿ ಇವನು ಹೇಳಿದ್ದೂ ಇದನ್ನೇ, ನಿಜವನ್ನೇ. ಆದರೆ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದ. ಇವತ್ತು ಇಳಿದು ಬಂದು ಹೇಳಿದ. ಕೈ ಸೋತಿರುವುದು ನಮ್ಮವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರಬೇಕು. ಹೆಂಡತಿಯಾಗಿ ನನಗೆ ಗೊತ್ತಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಭುಜ ಮೇಲೆತ್ತಿದರೆ ಹಿಡ್ಕೊಳ್ಳತ್ತೆ ಕಣೋ" ಎಂದರು ನಮ್ಮವರು. "ಕೆಳಗಿನ ಕೆಲಸಕ್ಕೆ ಏನೂ ಇಲ್ಲ. ಕೈ ತಲೆಗಿಂತ ಮೇಲೆ ಹೋದರೆ ಮಾತ್ರ."

"ಮೊದಲೇ ಹೇಳಬಾರದಾ?"

"ಯಾರಿಗೆ ಹೇಳಲಿ? ಮಾತಾಡ್ತಿದ್ದೆಯಾ ನೀನು?"

"ನಾನಾ ಮಾತು ಬಿಟ್ಟಿದ್ದು?"

"ಇಲ್ಲ, ಪಕ್ಕದ ಮನೆಯವನು ಬಿಟ್ಟ." ನಮ್ಮವರು ದೊಡ್ಡ ಸ್ಪ್ಯಾನರನ್ನು ಅವನ ಕೈಗೆ ತುರುಕಿ, ಅವನ ಜೇಬಿನಿಂದ ಬಣ್ಣದ ಶೀಶೆಯನ್ನೂ ಕುಂಚವನ್ನೂ ಕಿತ್ತುಕೊಂಡರು. "ಎಳಿ ನೀನೇ. ಬಿಗಿ ಮಾಡಿದವನು ಗೆರೆ ಎಳೆಯೋ ಹಾಗಿಲ್ಲ. ಗೆರೆ ನಂದು."

ಮೇಲೆ ಬೋಲ್ಟಿನ ತಲೆ ಹಿಡಿಯಲು ಈಗ ನಮ್ಮವರು ಹೋದರು, ಅಲ್ಲಿ ಕೈ ಎತ್ತುವ ಕೆಲಸವಿಲ್ಲ. ತಮ್ಮ ಏಣಿಯ ಮೇಲೆ ನಿಂತು ಆ ನಡುವಿನ ನಟ್ಟಿನಿಂದಲೇ ಶುರುಮಾಡಿದ. ಆಗಲೇ ಗೆರೆ ಎಳೆದವುಗಳನ್ನೂ ಬಿಡಲಿಲ್ಲ, ಎಲ್ಲವನ್ನೂ ಇನ್ನೊಮ್ಮೆ ಎಳೆದ. ಪ್ರತಿ ನಟ್ಟಿಗೂ "ಬಿಗಿ" ಎಂದ. ನಮ್ಮವರು ಇಳಿದು ಬಂದು ತಾವೂ ಇನ್ನೊಂದು ಸ್ಪ್ಯಾನರ್ ಹಾಕಿ, ಭುಜ ಎತ್ತಲಾಗದೆ ಏಣಿಯನ್ನು ಇನ್ನೊಂದು ಮೆಟ್ಟಿಲು ಹತ್ತಿ, ಕತ್ತು ಬಗ್ಗಿಸಿ ನಟ್ಟನ್ನು ಮುಖದ ಮಟ್ಟಕ್ಕೆ ತಂದುಕೊಂಡು, ಮೈಭಾರ ಹಾಕಿ ಎಳೆಯುತ್ತಿದ್ದರು. ನಟ್ಟು ಜಗ್ಗುತ್ತಿರಲಿಲ್ಲ. ಒಂದಕ್ಕಾದರೂ ತಪ್ಪು ಸಿಗಲಿ ಎಂದು ಅವರಿಗೆ ಇದ್ದಿತೋ ಏನೋ, ಒಂದು ನಟ್ಟನ್ನು ಮೂರು ಸಲ ಎಳೆದರು.

"ಏನು, ತಗೊಳ್ತಾ ಇದೆಯಾ?" ಎಂದ ತಮ್ಮ.

"ಇಲ್ಲ."

"ಬಾಯಲ್ಲಿ ಹೇಳಬೇಕಂತೆ."

"ಬಿಗಿ ಕಣಯ್ಯ, ಬಿಗಿ. ಮುಂದಿಂದು ನೋಡು."

ಗೆರೆ ಎಳೆಯುವುದು ನಮ್ಮವರಿಗೆ ಅಭ್ಯಾಸವಿಲ್ಲ. ಕುಂಚಕ್ಕೆ ಬಣ್ಣ ಜಾಸ್ತಿಯಾಗಿ ಗೆರೆ ಅಗಲವಾಯಿತು, ಪಟ್ಟಿಯ ಮೇಲೆ ಹರಿದು ಬಾಲದಂತೆ ಇಳಿಯಿತು. ಕೆಳಗೆ ನಿಂತ ತಮ್ಮನ ಹಣೆಯ ಮೇಲೂ ಒಂದು ಹನಿ ಬಿತ್ತು. ಅವನು ಒರೆಸಿಕೊಂಡ, ಹಣೆಯುದ್ದಕ್ಕೂ ಹಳದಿ ಹರಡಿತು. ಹಮಾಲರು ನಕ್ಕರು. ಈ ಸಲ ನಮ್ಮವರೂ ನಕ್ಕರು ಅಂತ ಹೇಳಲಾರೆ, ಆದರೆ ಕುಂಚವನ್ನು ಶೀಶೆಯ ಅಂಚಿಗೆ ಒರೆಸಿ ಬಣ್ಣ ಕಡಿಮೆ ಮಾಡಿಕೊಂಡರು.

ಕೊನೆಯ ನಟ್ಟು ಆದ ಮೇಲೆ ನರ್ಸಮ್ಮ ಕುರ್ಚಿಯಿಂದ ಎದ್ದರು. ನಮ್ಮವರ ಹತ್ತಿರ ಬಂದು, ಕೇಳದೆಯೇ ಭುಜಕ್ಕೆ ಬೆರಳು ಒತ್ತಿದರು. ನಮ್ಮವರು "ಹಾ" ಎಂದು ಹಿಂದೆ ಸರಿದರು.

"ಎಷ್ಟು ದಿನದಿಂದ?"

"ಏನಿಲ್ಲಮ್ಮ, ಹೋಗತ್ತೆ."

"ಹೋಗಲ್ಲ. ಡಾಕ್ಟರಿಗೆ ತೋರಿಸಿ. ಇವರನ್ನ ನೀನೇ ಕರ್ಕೊಂಡು ಹೋಗು" ಎಂದು ನನಗೆ ಹೇಳಿದರು.

"ಅಕ್ಕ ಯಾಕೆ, ನಾನು ಕರ್ಕೊಂಡು ಹೋಗ್ತೀನಿ" ಎಂದ ತಮ್ಮ.

"ನಿನ್ನ ಗಾಡಿಯಲ್ಲಿ ನಾನು ಕೂರಲ್ಲ" ಎಂದರು ನಮ್ಮವರು. "ಬ್ರೇಕ್ ಸರಿಯಿಲ್ಲ ಅದರದ್ದು."

"ನನ್ನ ಬ್ರೇಕಿಗೆ ಏನಾಗಿದೆ? ಹೋದ ತಿಂಗಳು ಹೊಸದು ಹಾಕ್ಸಿದೀನಿ."

"ಹಾಕ್ಸಿದ್ದು ಸರಿ. ಹಾಕಿದವನು ಬಿಗಿ ಮಾಡಿದ್ದಾನಾ ಅಂತ ನೋಡಿದೆಯಾ?"

"ನೀವು ನೋಡ್ಕೊಳ್ಳಿ ಹಾಗಾದರೆ. ಸ್ಪ್ಯಾನರ್ ನಿಮ್ಮ ಕೈಯಲ್ಲೇ ಇದೆ."

ಮೀಸೆಯವನು ಹಗ್ಗವನ್ನು ಭುಜಕ್ಕೆ ಹಾಕಿಕೊಂಡು ನನ್ನ ಕಡೆ ನೋಡಿದ. ಹತ್ತಬಹುದಾ ಎಂದು ಹುಬ್ಬು ಎತ್ತಿದ. ನಾನು ಹತ್ತು ಎಂದೆ. ಬೀರು ಮೇಲೇರತೊಡಗಿತು. ಇವರಿಬ್ಬರೂ ಅದನ್ನು ನೋಡಲೂ ಇಲ್ಲ. ಗೇಟಿನ ಹೊರಗೆ ತಮ್ಮನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಕ್ರದ ನಟ್ಟಿಗೆ ಬೆರಳು ತೋರಿಸಿ ಒಬ್ಬರ ಮೇಲೊಬ್ಬರು ಏರಿ ಹೋಗುತ್ತಿದ್ದರು. ನಡುವೆ ಹೋಗಿ ಬಿಡಿಸೋಣ ಎಂದು ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟೆ. ನರ್ಸಮ್ಮನ ಕುರ್ಚಿ ಖಾಲಿ ಇತ್ತು, ಅದರಲ್ಲಿ ಕೂತುಕೊಂಡೆ.